ಅಣ್ಣನ ಫೋನಿಗೆ ಬಂದ ಮಳೆ

ಒದ್ದೆ ಮೆಣಸಿನಕಾಯಿಯ ಚೀಲವನ್ನು ಅವಳು ಅವನ ಮೇಜಿನ ಮೇಲೇ ಸುರಿದಳು. ಕೆಂಪು ನೀರು ಕಾಗದಗಳ ಮೇಲೆಲ್ಲ ಹರಿಯಿತು.

“ಇಡೀ ಬೆಳೆ ಅಂಗಳದಲ್ಲಿ ಒಣಗ್ತಿತ್ತು. ಮಳೆ ಬರುತ್ತೆ ಅಂತ ಒಂದು ಮಾತು ಹೇಳೋಕೆ ನಿಮ್ಮ ಬಾಯಿಗೆ ಬೀಗ ಬಿದ್ದಿತ್ತಾ?”

ರೈತರ ಮೊಬೈಲಿಗೆ ಹವಾಮಾನದ ಸಂದೇಶ ಕಳಿಸುವುದು ಅವನ ಕೆಲಸ. ಎಲ್ಲರೂ ಅವನನ್ನು ಮೋಡದ ಮೇಷ್ಟ್ರು ಎನ್ನುತ್ತಿದ್ದರು. ಮೇಷ್ಟ್ರು ದಂಗಾಗಿ ಹೋದ. ಕೋಪದಲ್ಲಿ ಇಷ್ಟು ಚೆಂದ ಕಾಣುವವರನ್ನು ಅವನು ನೋಡಿಯೇ ಇರಲಿಲ್ಲ.

“ಮೊನ್ನೆಯೇ ಕಳಿಸಿದ್ದೆನಲ್ಲ...” ಅವಳ ಹೊಲ ಯಾವುದೆಂದು ಕೇಳಿ, ಕಂಪ್ಯೂಟರನ್ನು ಅವಳತ್ತ ತಿರುಗಿಸಿದ. “ನೋಡಿ, ತಲುಪಿದೆ. ಇದು ನಿಮ್ಮ ನಂಬರ್ ಅಲ್ವಾ?”

ಅಣ್ಣನ ನಂಬರು. ಅವಳು ಖಾಲಿ ಚೀಲ ಎತ್ತಿಕೊಂಡು ಮನೆಗೆ ನಡೆದಳು.

ಅಣ್ಣ ವ್ಯಾನ್ ಓಡಿಸುವವನು. ಹೊಲಕ್ಕೆ ಕಾಲಿಡದೆ ಐದು ವರ್ಷವಾಗಿತ್ತು. ಮನೆಯಲ್ಲಿ ಕೇಳಿದಾಗ ಷೂ ಲೇಸು ಕಟ್ಟುತ್ತಲೇ ಹೇಳಿದ: “ಓ, ಅದಾ? ದಿನಾ ಬರುತ್ತೆ. ನನಗೇನು ಕೆಲಸ ಅಂತ ಡಿಲೀಟ್ ಮಾಡ್ತೀನಿ.”

“ಹೊಲ ಮಾಡೋಳು ನಾನಲ್ವಾ ಅಣ್ಣಾ?”

ಅಣ್ಣನ ಕೈ ಲೇಸಿನ ಮೇಲೇ ನಿಂತಿತು. “ಹೌದಲ್ಲ!” ಎಂದ. ಅದು ಅವನಿಗೆ ಆಗಷ್ಟೇ ಹೊಳೆದಿತ್ತು.

ಅತ್ತ ಮೇಷ್ಟ್ರು ಪಟ್ಟಿ ತೆರೆದು ಕೂತಿದ್ದ. ಆರುನೂರು ನಂಬರುಗಳಲ್ಲಿ ಹೆಂಗಸರ ಹೆಸರಿದ್ದದ್ದು ಹನ್ನೊಂದು. ಹನ್ನೊಂದಕ್ಕೂ ಫೋನ್ ಮಾಡಿದ. ಎಲ್ಲದರಲ್ಲೂ ಗಂಡಸರ ದನಿ: “ಅವಳು ಹೊಲದಲ್ಲಿದ್ದಾಳೆ. ಏನು ಬೇಕಿತ್ತು?”

ಅವನು ಪಟ್ಟಿ ಮುಚ್ಚಿದ. ಮರುದಿನ ಅವಳ ಹೊಲದ ಬದುವಿನ ಮೇಲೆ ತಲೆ ತಗ್ಗಿಸಿ ನಿಂತ. “ಆರು ವರ್ಷದಿಂದ ಯಾರಿಗೆ ಬರೀತಿದ್ದೆ ಅಂತಲೇ ನನಗೆ ಗೊತ್ತಿರಲಿಲ್ಲ.”

ಅವಳು ಕಳೆ ಕೀಳುವುದನ್ನು ನಿಲ್ಲಿಸಿ ಅವನನ್ನು ನೋಡಿದಳು. ತಪ್ಪು ಒಪ್ಪಿಕೊಳ್ಳಲು ಇಷ್ಟು ದೂರ ಬಂದ ಗಂಡಸನ್ನು ನೋಡಿದ್ದು ಇದೇ ಮೊದಲು. “ಹಿಟ್ಟಿನ ಗಿರಣಿಯಲ್ಲಿ ಒಂದು ಫೋನಿದೆ. ಹನ್ನೊಂದು ಗಂಟೆಗೆ ನಾವು ಹೆಂಗಸರೆಲ್ಲ ಅಲ್ಲೇ ಇರ್ತೀವಿ. ಓದೋಕೆ ಬಾರದವರೂ ಇದ್ದಾರೆ. ಬರೀಬೇಡಿ, ಮಾತಾಡಿ.”

ಅಂದಿನಿಂದ ದಿನವೂ ಫೋನ್. ಅವನು ಹೇಳಿದ್ದನ್ನು ಅವಳು ಗಟ್ಟಿಯಾಗಿ ಎಲ್ಲರಿಗೂ ಹೇಳುವಳು.

“ನಾಳೆ ಗಾಳಿ ಜೋರು.”

“ಸರಿ.”

“ಮತ್ತೆ...”

“ಮತ್ತೇನಿದೆ ಆಕಾಶದಲ್ಲಿ?”

“ಆಕಾಶದಲ್ಲಿ ಏನೂ ಇಲ್ಲ. ನಿಮ್ಮದು ಊಟ ಆಯ್ತಾ?”

“ಹನ್ನೊಂದು ಗಂಟೆಗೆ ಯಾರು ಊಟ ಮಾಡ್ತಾರೆ ಮೇಷ್ಟ್ರೇ?”

ಹೆಂಗಸರ ನಗುವಿನ ಮುಂದೆ ಗಿರಣಿಯ ಸದ್ದೇ ಕೇಳಿಸಲಿಲ್ಲ. ಅವಳ ಕಿವಿ ಬಿಸಿಯಾಯಿತು.

ಹೀಗೆ ನಾಲ್ಕು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಅಣ್ಣ ಮುಖವರಳಿಸಿಕೊಂಡು ಬಂದ. “ಮೋಡದ ಮೇಷ್ಟ್ರು ಸಿಕ್ಕಿದ್ರು. ನಿನ್ನನ್ನ ಮದುವೆ ಆಗ್ತೀನಿ ಅಂದ್ರು. ನಾನು ಹೂಂ ಅಂದೆ!”

ಅವಳ ಎದೆ ಒಮ್ಮೆ ಜಿಗಿಯಿತು. ಮರುಗಳಿಗೆಯೇ ಸಿಡಿಲು ಬಡಿದಂತಾಯಿತು. ಕಾದು ಕೂತಿದ್ದ ಮಾತು ಕೊನೆಗೂ ಬಂದಿತ್ತು. ಅದೂ ಅಣ್ಣನಿಗೆ.

ನೇರ ಕಚೇರಿಗೆ ನಡೆದಳು. “ಇದನ್ನೂ ಅಣ್ಣನಿಗೇ ತಲುಪಿಸಿದ್ರಾ?”

ಮೇಷ್ಟ್ರ ಮುಖ ಬಿಳಿಚಿತು. “ಅಯ್ಯೋ... ನಾನಾ? ನಾನೇ ಹೀಗೆ ಮಾಡಿದ್ನಾ?” ತಲೆಯ ಮೇಲೆ ಕೈಯಿಟ್ಟುಕೊಂಡ. “ನಿಮ್ಮನ್ನ ಕೇಳೋಕೆ ಭಯ ಆಯ್ತು. ಅಣ್ಣನ ಹತ್ರ ಸುಲಭ ಅನ್ನಿಸ್ತು.”

“ಸುಲಭ ಅಂತಲೇ ಎಲ್ಲರೂ ಹಾಗೆ ಮಾಡೋದು. ಈಗ ಕೇಳಿ.”

ಅವನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು. “ನನ್ನ ಜೊತೆ ಬಾಳ್ತೀರಾ?”

“ಹೊಲ ಬಿಡಲ್ಲ ನಾನು.”

“ಬಿಡಬೇಡಿ. ನಾನೇ ಅಲ್ಲಿಗೆ ಬರ್ತೀನಿ.”

“ಯೋಚನೆ ಮಾಡಿ ಹೇಳ್ತೀನಿ,” ಎಂದು ಅವಳು ಹೊರಟೇಬಿಟ್ಟಳು.

ಬಾಗಿಲನ್ನೇ ನೋಡುತ್ತ ಅವನು ಕೂತ. ಹಿಂದೆ ಕುರ್ಚಿ ಇರಲಿಲ್ಲ. ನೆಲದ ಮೇಲೆ ಬಿದ್ದವನು ತಲೆಯೆತ್ತಿದರೆ, ಅವಳು ಮತ್ತೆ ಬಾಗಿಲಲ್ಲಿ ನಿಂತಿದ್ದಳು.

“ಯೋಚನೆ ಮಾಡಿದೆ.”

“ಇಷ್ಟು ಬೇಗನಾ?”

“ನಾಲ್ಕು ತಿಂಗಳಿಂದ ಅದನ್ನೇ ಮಾಡ್ತಿದ್ದೀನಿ,” ಎಂದು ನಗು ತಡೆಯಲಾರದೆ ಅವಳು ಕೈ ಚಾಚಿದಳು. “ಏಳಿ ಮೇಲೆ.”