ಮೊಟ್ಟೆ ಕೇಳಿದ ತಟ್ಟೆ

“ನಿನಗ್ಯಾತರ ಕೊರತಿಲೇ, ಹೊಟ್ಟಿಬಾಕ! ನಿನ್ನೆ ಮೂರು ಆಮ್ಲೆಟ್ ನುಂಗೀದಿ. ಇವತ್ತರ ಸೊಪ್ಪು ತಿನ್ನು!”

ಬೈದದ್ದು ತಟ್ಟೆ. ಬೈಸಿಕೊಂಡದ್ದು ಶಾಲಾ ಸಮಿತಿಯ ಅಧ್ಯಕ್ಷ ಗುರುಶಾಂತಪ್ಪನವರ ಮೊಮ್ಮಗ. ಮಕ್ಕಳು, ಹೆತ್ತವರು, ಮೇಷ್ಟ್ರು ಎಲ್ಲರೂ ಒಮ್ಮೆಲೇ ಅಧ್ಯಕ್ಷರ ಮುಖ ನೋಡಿದರು. ಮಡಿ ಕೆಡುತ್ತದೆಂದು ಶಾಲೆಯ ಊಟದಿಂದ ಮೊಟ್ಟೆ ತೆಗೆಸಿದ ಮಹಾನುಭಾವರು ಅವರೇ.

ಕುಷ್ಟಗಿ ಕಡೆಯ ಆ ಊರಿಗೆ ವಿಜ್ಞಾನಿ ಮೌನೇಶ ತನ್ನ ತಟ್ಟೆಗಳನ್ನು ತಂದದ್ದು ಎರಡು ಸಾವಿರದ ಅರವತ್ತರಲ್ಲಿ. ಮಗು ತಟ್ಟೆಯ ಅಂಚಿನ ಮೇಲೆ ಹೆಬ್ಬೆರಳಿಟ್ಟರೆ ಸಾಕು, ಬೆಳಕಿನ ಎಳೆಯೊಂದು ಚರ್ಮದೊಳಗೆ ಹಾಯ್ದು ರಕ್ತದಲ್ಲಿರುವ ವಿಟಮಿನ್‌ಗಳನ್ನು ಅಳೆಯುತ್ತಿತ್ತು. ದೇಹ ತಾನೇ ತಯಾರಿಸಿಕೊಳ್ಳಲಾಗದ, ಊಟದಿಂದಲೇ ಬರಬೇಕಾದ ಸತ್ವಗಳವು. ನಿನ್ನೆ ತಿಂದದ್ದೇನು, ಇವತ್ತು ತಿನ್ನಬೇಕಾದ್ದೇನು ಎಂಬುದನ್ನೂ ತಟ್ಟೆ ಹೇಳುತ್ತಿತ್ತು. ಗದರಿದರೆ ಮಕ್ಕಳು ತಿಂದಾವೆಂದು ಮೌನೇಶ ಅದಕ್ಕೆ ತನ್ನಜ್ಜಿಯ ದನಿ ಹಾಕಿದ್ದ. ಈಗ ಬೆವರುತ್ತಿದ್ದ.

ಸಂಜೆಯಾದರೆ ಕಣ್ಣು ಮಂಜಾಗಿ ಗೋಡೆ ತಡವುತ್ತಿದ್ದ ಎರಡನೇ ಕ್ಲಾಸಿನ ಹುಲಿಗೆಮ್ಮ ಬೆರಳಿಟ್ಟಳು. ತಟ್ಟೆ ಮೆತ್ತಗಾಯಿತು. “ವಿಟಮಿನ್ ಎ ಇಲ್ಲವ್ವ ನಿನಗ. ಬರೇ ಸೊಪ್ಪು ಸಾಲೂದಿಲ್ಲ, ದಿನಾ ಮೊಟ್ಟಿ ತಿನ್ನು. ಕಣ್ಣು ಹೋದಾವು.”

ಅಧ್ಯಕ್ಷರು ಮೌನೇಶನನ್ನು ಅಡುಗೆಕೋಣೆಯ ಹಿಂದಕ್ಕೆ ಎಳೆದುಕೊಂಡು ಹೋದರು. “ಏನ್ರೀ, ನಿಮ್ಮ ತಟ್ಟಿಗೆ ಮೊಟ್ಟಿ ಬಿಟ್ರ ಬ್ಯಾರೆ ಮಾತ ಬರೂದಿಲ್ಲೇನು? ಬಾಳೆಹಣ್ಣು ಅನ್ನಸ್ರಿ.”

“ಬಾಳೆಹಣ್ಣಿನ್ಯಾಗ ಅಷ್ಟು ಎ ಇರೂದಿಲ್ರಿ, ಸಾಹೇಬ್ರ.”

“ಇರೂದು ಬಿಡೂದು ಆಮ್ಯಾಗ. ತಟ್ಟಿ ಹೇಳಿದ್ರ ಮಂದಿ ನಂಬ್ತಾರ. ನಾ ಸಹಿ ಹಾಕಿದ್ರ ಜಿಲ್ಲಾಕ್ಕೆಲ್ಲಾ ನಿಮ್ಮ ತಟ್ಟಿ. ಇಲ್ಲಂದ್ರ ಗಾಡ್ಯಾಗ ಹೇರ್ಕೊಂಡು ನಡೀರಿ.”

ಮೌನೇಶ ಸಂಜೆತನಕ ಒದ್ದಾಡಿದ. ಬಾಳೆಹಣ್ಣೆಂಬ ಸುಳ್ಳನ್ನು ಅಜ್ಜಿಯ ಬಾಯಲ್ಲಿ ಆಡಿಸಲು ಮನಸ್ಸು ಬರಲಿಲ್ಲ. ಮೊಟ್ಟೆ ಕೇಳಬೇಕಾದ ಕಡೆಯಲ್ಲೆಲ್ಲ ತಟ್ಟೆಯಿಂದ “ಎಲ್ಲಾ ಚೊಲೋ ಐತಿ” ಎನ್ನಿಸಿದ. ಇದು ಸುಳ್ಳಲ್ಲ, ಹೊಂದಾಣಿಕೆ ಎಂದುಕೊಂಡ. ಓದಿದವರಿಗೆ ಇಂಥ ಪದಗಳು ಬೇಗ ಸಿಗುತ್ತವೆ.

ಅಧ್ಯಕ್ಷರ ಸಹಿ ಬಿತ್ತು, ತಟ್ಟೆಗಳು ಊರೂರಿಗೆ ಹೋದವು. ವಾರ ಕಳೆಯುವಷ್ಟರಲ್ಲಿ ಜಿಲ್ಲೆಯಲ್ಲಿ ಅಪೌಷ್ಟಿಕತೆ ಮಾಯವಾಯಿತು. ಮಕ್ಕಳು ಮಾತ್ರ ಇದ್ದಹಾಗೇ ಇದ್ದರು. ಗುರುಶಾಂತಪ್ಪನವರಿಗೆ ಹಾರ ಬಿತ್ತು, ಮೌನೇಶನಿಗೆ ಶಾಲು.

ಸನ್ಮಾನ ಮುಗಿದಾಗ ಹೊತ್ತು ಮುಳುಗಿತ್ತು. ಅವನ ದನಿ ಗುರುತಿಸಿ ಹುಲಿಗೆಮ್ಮ ಗೋಡೆ ಹಿಡಿದುಕೊಂಡು ಎದುರು ಬಂದಳು.

“ಸರ್ರ, ನನ್ನ ತಟ್ಟಿ ಎಲ್ಲಾ ಚೊಲೋ ಐತಿ ಅಂದೈತ್ರಿ. ಮತ್ತ ನಿಮ್ಮ ಮಾರಿ ಯಾಕ ಕಾಣವಲ್ದು?”

ಮೌನೇಶ ಜಾರುತ್ತಿದ್ದ ಶಾಲನ್ನು ಹೆಗಲಿಗೇರಿಸಿಕೊಂಡ. ಅವಳ ಪಕ್ಕದಿಂದ ಹಾಯ್ದು ಕಾರಿನತ್ತ ನಡೆದ.