ಛತ್ರದ ಹಿಂದಿನ ಗೇಟು

ಕಾರು ಓಡಿಸುವಾಗ ಯಾರಾದರೂ ಕೈ ತೋರಿಸಿ ದಾರಿ ಹೇಳಿದರೆ ಪವಿತ್ರಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ತಿ. ನರಸೀಪುರದ ಆ ಛತ್ರದ ಅಂಗಳದಲ್ಲಿ ರೇಷ್ಮೆ ಪಂಚೆ ಎತ್ತಿಕಟ್ಟಿ ನಿಂತಿದ್ದವನ ಕೈಗಳೇ ಬೇರೆ. ಬಾಯಲ್ಲಿ ಒಂದು ಮಾತಿಲ್ಲ. ಬೆರಳು ಮಡಚಿದರೆ ಬಾ, ಅಂಗೈ ತೆರೆದರೆ ನಿಲ್ಲು. ಅವಳ ಕಾರು ಪಕ್ಕದ ಕಾರಿಗೆ ಕೂದಲಷ್ಟೂ ತಾಗದೆ ಹಿಂದಿನ ಗೇಟಿನೆದುರು ಹೋಗಿ ನಿಂತಿತು.

ಊಟವಾದ ತಕ್ಷಣ ನಂಜನಗೂಡಿಗೆ ಹೊರಡಬೇಕು ಎಂದಳು.

"ಹಂಗಾದ್ರೆ ಎಲ್ರಿಗಿಂತ ಮುಂದೆ ನೀವೇ," ಎಂದು ಅವನು ನಕ್ಕ. ನಗುವಾಗ ಒಂದೇ ಹುಬ್ಬು ಮೇಲೇರಿತು. ನೋಡಬಾರದೆಂದುಕೊಂಡೇ ಅವಳು ಇನ್ನೊಮ್ಮೆ ನೋಡಿದಳು.

ಸಂಜೆ ಅವಳನ್ನು ನೋಡಲು ನಂಜನಗೂಡಿನ ಮನೆಗೆ ಮೈಸೂರಿನಿಂದ ಹುಡುಗನ ಕಡೆಯವರು ಬರುವವರಿದ್ದರು. ಫೋಟೋ ಚೆನ್ನಾಗಿತ್ತು, ಕೆಲಸ ಚೆನ್ನಾಗಿತ್ತು. ಬೇಡವೆನ್ನಲು ಕಾರಣ ಸಿಗದೆ ಹೂಂ ಅಂದಿದ್ದಳು. ಹಾಗಾಗಿ ಗೆಳತಿಯ ಧಾರೆ ಮುಗಿದದ್ದೇ ಮೊದಲ ಪಂಕ್ತಿಯಲ್ಲಿ ಉಂಡು, ಎಲೆಯಡಿಕೆ ಮೆಲ್ಲುತ್ತ ಹೊರಗೆ ಬಂದಳು.

ಕಾರಿನ ಹಿಂದೆ ರಸ್ತೆಯ ತನಕ ಬರೀ ಕಾರುಗಳು. ಅವನು ಮಾತ್ರ ಗತ್ತಿನಿಂದ ಹೋಗಿ ಹಿಂದಿನ ಗೇಟಿನ ಚಿಲಕ ಎಳೆದ. ಗೇಟಿನಾಚೆ ಕಲ್ಲಿನ ಮೆಟ್ಟಿಲು. ಮೆಟ್ಟಿಲ ಕೆಳಗೆ ಕಪಿಲೆ ತನ್ನ ಪಾಡಿಗೆ ಹರಿಯುತ್ತಿದ್ದಳು.

"ಅಲ್ಲಿ ರೋಡ್ ಎಲ್ಲದೆ ಕಣ್ಲಾ ನಂಜೇಶ, ಅದು ಒಳೆ ಮೆಟ್ಲು," ಎಂದು ಮದುಮಗನ ತಂದೆ ಪುಟ್ಟಬಸವಯ್ಯ ತಲೆ ಚಚ್ಚಿಕೊಂಡರು. ಇವನು ತನ್ನ ಅಣ್ಣನ ಮಗನೆಂದೂ, ಇಟಲಿಯ ಹಡಗೊಂದರಲ್ಲಿ ಕಾರು ನಿಲ್ಲಿಸುವುದೇ ಇವನ ಕೆಲಸವೆಂದೂ, ಅದಕ್ಕೇ ನಂಬಿ ಅಂಗಳ ಒಪ್ಪಿಸಿದ್ದೆನೆಂದೂ ಅವಳಿಗೆ ಹೇಳಿಕೊಂಡರು.

ನಂಜೇಶನ ಮುಖ ಕೆಂಪಗಾಗಿತ್ತು. "ತಪ್ಪಾಯ್ತು ಕಣ್ರೀ. ನಮ್ಮ ಹಡಗಲ್ಲಿ ಹಿಂದಿಂದ ಹತ್ತಿಸ್ತೀವಿ, ಮುಂದಿಂದ ಇಳಿಸ್ತೀವಿ. ಕೈ ಇಲ್ಲೂ ಅದನ್ನೇ ಮಾಡ್ಬಿಡ್ತು."

ಅಡ್ಡ ನಿಂತ ಕಾರುಗಳವರೆಲ್ಲ ಆಗಲೇ ಎರಡನೇ ಪಂಕ್ತಿಯಲ್ಲಿ ಎಲೆ ಮುಂದೆ ಕೂತಾಗಿತ್ತು. ಉಣ್ಣುವವರನ್ನು ಎಬ್ಬಿಸುವುದುಂಟೇ? ಪವಿತ್ರ ಸಿಟ್ಟಿನಿಂದಲೇ ಹೊಳೆ ಮೆಟ್ಟಿಲ ಮೇಲೆ ಕೂತಳು. ಆದರೆ ಕುತೂಹಲ ಸಿಟ್ಟಿಗಿಂತ ಚುರುಕಾಗಿತ್ತು. ಅಷ್ಟು ದೊಡ್ಡ ಹಡಗು ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಕೇಳಿದಳು.

ಎಲ್ಲಿಗೂ ಇಲ್ಲ ಎಂದ ಅವನು. ಸಂಜೆ ಲಿವೋರ್ನೊ ಎಂಬ ಊರಲ್ಲಿ ಕಾರು, ಲಾರಿ, ಜನರನ್ನು ತುಂಬಿಕೊಂಡು ಬೆಳಗ್ಗೆ ಸಾರ್ಡೀನಿಯಾ ದ್ವೀಪದಲ್ಲಿ ಇಳಿಸುವುದು, ಅಲ್ಲಿಂದ ತುಂಬಿಕೊಂಡು ಮತ್ತೆ ವಾಪಸ್, ನಮ್ಮ ನಂಜನಗೂಡು ಬಸ್ಸಿನ ಹಾಗೆ. ಅಲೆ ಜೋರಿದ್ದರೆ ಲಾರಿಗಳನ್ನು ಸರಪಳಿಯಿಂದ ನೆಲಕ್ಕೆ ಬಿಗಿಯುತ್ತಾರೆ. ಅವನಿರುವ ಅಂತಸ್ತಿಗೆ ಕಿಟಕಿಯೇ ಇಲ್ಲ. ಪ್ರಯಾಣಿಕರು ಮೇಲೆ ಸಮುದ್ರ ನೋಡಿದರೆ ಇವನು ನೋಡುವುದು ಕಾರಿನ ಗಾಜಿನ ಹಿಂದಿನ ಮುಖಗಳನ್ನು. ಗಂಡ ಹೆಂಡತಿ ದಾರಿಯಲ್ಲಿ ಜಗಳವಾಡಿದ್ದರೆ ಗೊತ್ತಾಗಿಬಿಡುತ್ತದಂತೆ.

"ನನ್ನ ಮುಖದಲ್ಲಿ ಏನು ಕಾಣ್ತು?" ಎಂದು ನಗುತ್ತ ಕೇಳಿದಳು.

"ಇಷ್ಟ ಇಲ್ಲದ ಕಡೆಗೆ ಅವಸರವಾಗಿ ಹೊರಟೋರ ಮುಖ."

ಅವಳ ನಗು ಅಲ್ಲೇ ನಿಂತಿತು. ಹೊಳೆ ನೋಡುತ್ತ, ಸಂಜೆಯ ವಿಷಯ ಹೇಳಿದಳು.

ಎರಡನೇ ಪಂಕ್ತಿ ಎದ್ದಿತು. ನಂಜೇಶ ಓಡಾಡಿ ಒಂದೊಂದೇ ಕಾರು ಹೊರಡಿಸಿದ. ಈಗ ಹೊರಟರೂ ಹೊತ್ತಿಗೆ ಸರಿಯಾಗಿ ತಲುಪಬಹುದಿತ್ತು. ಅವಳು ಕಾರು ಹತ್ತಿದ ಮೇಲೆ ಕೈಸನ್ನೆಯಲ್ಲೇ ಅದನ್ನು ರಿವರ್ಸಿನಲ್ಲಿ ಅಂಗಳದುದ್ದಕ್ಕೂ ತಂದ. ರಸ್ತೆಯಂಚಿಗೆ ಬಂದಾಗ ಹೋಗಿ ಎಂದು ತೋರಿಸಬೇಕಾದ ಕೈ ಅಂಗೈ ತೆರೆದು ನಿಂತಿತು.

ಅವಳು ಬ್ರೇಕ್ ಒತ್ತಿದಳು. ಅವನು ಕಿಟಕಿಯ ಬಳಿ ಬಂದ.

"ಹೋಗಿ ಅನ್ನೋಕೆ ಮನಸ್ಸು ಬರ್ತಿಲ್ಲ," ಎಂದ. "ಬರೋ ವಾರ ನಾನು ಹಡಗಿಗೆ ಹೋದ್ರೆ ಎಂಟು ತಿಂಗಳು ಬರಲ್ಲ. ಕೇಳೋ ಹಕ್ಕಿಲ್ಲ ನನಗೆ. ಆದ್ರೂ ಕೇಳ್ತೀನಿ, ಅವರನ್ನ ನೋಡ್ಬೇಡಿ."

ಎಂಟು ತಿಂಗಳು ಎಂದರೆ ಅವಳಿಗೆ ಭಯವಾಯಿತು. ನಂಜನಗೂಡಿನ ಮನೆಯಲ್ಲಿ ಹುಡುಗನ ಕಡೆಯವರೆದುರು ಕೂರುವುದನ್ನು ನೆನೆದರೆ ಇನ್ನೂ ಹೆಚ್ಚು ಭಯವಾಯಿತು. ಫೋನ್ ತೆಗೆದಳು. ಕಾರು ಸಿಕ್ಕಿಕೊಂಡಿದೆ ಎಂದುಬಿಟ್ಟರೆ ಯಾರೂ ಬೈಯುತ್ತಿರಲಿಲ್ಲ.

"ಅಪ್ಪಾಜಿ, ಅವರಿಗೆ ಬರೋದು ಬೇಡ ಅಂದ್ಬಿಡಿ. ಇಲ್ಲ, ಕಾರಿಗೇನೂ ಆಗಿಲ್ಲ. ನನಗೇ ಇಷ್ಟ ಇಲ್ಲ."

ಆ ಕಡೆಯಿಂದ ಬೈಗುಳ ಶುರುವಾಯಿತು. ಮನೆಗೆ ಬಂದು ಎಲ್ಲ ಹೇಳುತ್ತೇನೆ ಎಂದು ಫೋನ್ ಇಟ್ಟಳು.

"ನಿಮ್ಮ ಹಡಗು ವಾಪಸ್ ಬರೋ ಹಡಗು ತಾನೇ?"

"ತಪ್ಪದೆ ಬರುತ್ತೆ."

"ಹಂಗಾದ್ರೆ ಗಾಡಿ ಎಲ್ಲಿ ಹಾಕ್ಲಿ ಹೇಳಿ."

ಅವನ ಒಂದು ಹುಬ್ಬು ಮೇಲೇರಿತು. ಬೆರಳು ಮಡಚಿ ಬಾ ಬಾ ಎನ್ನುತ್ತ, ಅವಳ ಮೇಲಿಂದ ಕಣ್ಣು ತೆಗೆಯದೆ, ಹೊಳೆಯ ಕಡೆಯ ಗೇಟಿನತ್ತ ಹಿಂದೆ ಹಿಂದೆ ನಡೆದ. ಪವಿತ್ರ ಆ ಕೈಗಳನ್ನೇ ನೋಡುತ್ತ ನಿಧಾನವಾಗಿ ಕಾರು ಬಿಟ್ಟಳು.