ಹಸಿದ ಕೌದಿ

"ನಮ್ಮ ಕೌದಿ ಹೊಟ್ಟಿ ಯಾಕ ಹರಿದ್ರಿ?"

ಸವದತ್ತಿ ಬಸ್‌ಸ್ಟ್ಯಾಂಡಿನ ಎದುರಿನ ಪುಟ್ಟ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದ ಭೀಮಶಿ ಬೆಚ್ಚಿ ತಲೆಯೆತ್ತಿದ. ಎದುರಿಗೆ ಮುರಗೋಡದಿಂದ ಬೆಳಗಿನ ಬಸ್ಸಿಗೆ ಬಂದಿಳಿದ ಮಹಾನಂದಾ... ಕಣ್ಣಲ್ಲಿ ಕೆಂಡ, ರೆಪ್ಪೆಯಲ್ಲಿ ನೀರು!

"ಯಾರ್ರಿ ನೀವು?"

"ನೀವು ಕತ್ತರಿ ಹಾಕಿದ್ರೆಲ್ಲಾ, ಆ ಕೌದಿ ಹೊಲದಾಕಿ ಮಗಳು!"

ಭೀಮಶಿಯ ಮುಖ ಸಣ್ಣಗಾಯಿತು.

ಮಹಾನಂದಾಳ ಸಿಟ್ಟಿಗೆ ಕಾರಣವಿತ್ತು. ಬಿ.ಎಡ್. ಮುಗಿಸಿ ನೌಕರಿಗಾಗಿ ಅವಳು ಹತ್ತದ ಮೆಟ್ಟಿಲಿಲ್ಲ. ಖಾಸಗಿ ಶಾಲೆಯವರು ಮುಂದಿನ ವರ್ಷ ನೋಡೋಣ ಅಂದರು, ಸರಕಾರದ ಪರೀಕ್ಷೆ ಮುಂದೆ ಮುಂದೆ ಹೋಯಿತು. ಕೈಕಟ್ಟಿ ಕೂರುವ ಜಾಯಮಾನ ಅವಳದಲ್ಲ. ಅವ್ವ ಲಗಮವ್ವ ಹಳೆಯ ಸೀರೆಗಳನ್ನು ಪದರ ಪದರ ಜೋಡಿಸಿ ಹೊಲಿಯುವ ಕೌದಿಗಳ ರೀಲ್ ಮಾಡಿ ಹಾಕತೊಡಗಿದಳು. ಆದರೆ ನೋಡುವವರೇ ಇಲ್ಲ! ಗೆಳತಿಯರು ಮುಲಾಜಿಗೆ ಒಂದು ಲೈಕ್ ಒತ್ತಿ ಮುಂದೆ ಹೋಗುತ್ತಿದ್ದರು.

ಒಬ್ಬ ಮಾತ್ರ ಬೆನ್ನು ಬಿಡದೆ ಕೇಳುತ್ತಿದ್ದ. ಕೊನೆಯ ಮೂಲೆ ಮುಚ್ಚುವ ಮುನ್ನ ಲಗಮವ್ವ ಸೆರಗಿನ ಮರೆಯಲ್ಲಿ ಏನನ್ನೋ ಒಳಗಿಟ್ಟು, "ಹೊಟ್ಟಿ ತುಂಬಿತು" ಎನ್ನುತ್ತಿದ್ದಳಲ್ಲ... ಅದೇನು? ಪ್ರತಿ ರೀಲಿನ ಕೆಳಗೂ ಅದೇ ಪ್ರಶ್ನೆ. ಮಹಾನಂದಾ ಒಂದು ದಿನ ನಗುತ್ತಾ ಏನೋ ಉತ್ತರ ಬರೆದು ಮರೆತೂಬಿಟ್ಟಳು. ಕೆಲವೇ ದಿನಗಳಲ್ಲಿ ಸವದತ್ತಿಯ ಅಂಗಡಿಯೊಂದರ ವಿಳಾಸಕ್ಕೆ ಒಂದು ಕೌದಿ ಮಾರಾಟವಾಯಿತು.

ಆಮೇಲೆ ಬಂತು ಆ ವಿಡಿಯೋ! "ಒಳಗೇನೈತಿ?" ಎಂಬ ಚಾನೆಲ್. ಮಿಕ್ಸರ್, ರೇಡಿಯೋ, ಹಳೆ ಟಿವಿ ಬಿಚ್ಚಿ ತೋರಿಸುವ ಹುಡುಗ ಈ ಸಲ ಲಗಮವ್ವನ ಕೌದಿಯ ಮೂಲೆಗೆ ಕತ್ತರಿ ಹಾಕಿದ್ದ. "ಅಯ್ಯ... ಒಣ ರೊಟ್ಟಿ!" ಎಂದು ಹೊಟ್ಟೆ ಹಿಡಿದು ನಕ್ಕಿದ್ದ.

ಆ ನಗು ರಾಮದುರ್ಗ, ಬೈಲಹೊಂಗಲ, ಕಿತ್ತೂರು ಎಲ್ಲ ಸುತ್ತಿ ಬಂತು. 'ಇಲಿಗೆ ಹಾಸಿಗಿ ಹೊಲದಾರ' ಎಂದು ಯಾರೋ ಬರೆದರು. ಕೌದಿ ತಗೋತೀನಿ ಎಂದಿದ್ದ ಹುಬ್ಬಳ್ಳಿಯ ಅಂಗಡಿಯವನು ಫೋನ್ ಎತ್ತುವುದನ್ನೇ ಬಿಟ್ಟ. ಅದೂ ಹೋಗಲಿ... ಲಗಮವ್ವ ಸೂಜಿಯನ್ನು ಗೋಡೆಯ ಕ್ಯಾಲೆಂಡರಿಗೆ ಚುಚ್ಚಿಟ್ಟುಬಿಟ್ಟಳು.

"ಸಾಕವ್ವಾ. ನಮ್ಮ ಕೈಕೆಲಸ ನೋಡಿ ಊರೆಲ್ಲಾ ನಗಾಕತ್ತೈತಿ. ಇನ್ನ ಹೊಲಿಯಂಗಿಲ್ಲ."

ಅವ್ವ ಮತ್ತೆ ಸೂಜಿ ಹಿಡಿಯುವಳೇ? ಮಹಾನಂದಾಳ ಎದೆಯಲ್ಲಿ ಈಗ ಅದೊಂದೇ ಪ್ರಶ್ನೆ ಇತ್ತು.

ಭೀಮಶಿ ತನ್ನ ಮೊಬೈಲನ್ನು ಅವಳತ್ತ ತಿರುಗಿಸಿದ. ಅವಳೇ ಬರೆದ ಉತ್ತರ ಅಲ್ಲಿತ್ತು: 'ಅಷ್ಟ ಆಸೆ ಇದ್ರ ಕೊಂಡು, ಬಿಚ್ಚಿ ನೋಡ್ರಿ!'

ಅಯ್ಯೋ... ಕತ್ತರಿ ಕೈಗೆ ಕೊಟ್ಟವಳು ನಾನೇ!

"ಆದ್ರೂ ನಕ್ಕಿದ್ದು ನನ್ನ ತಪ್ಪರಿ," ಎಂದ ಭೀಮಶಿ ಮೆಲ್ಲಗೆ. "ಐಟಿಐ ಮುಗಿಸಿದೆ, ಯಾರೂ ಕೆಲಸಕ್ಕ ಕರೀಲಿಲ್ಲ. ಸಣ್ಣಾವ ಇದ್ದಾಗಿಂದ ಏನ ಕಂಡ್ರೂ ಬಿಚ್ಚಿ ನೋಡೂ ಚಟ. ಅದನ್ನ ಚಾನೆಲ್ ಮಾಡಿದೆ. ರೊಟ್ಟಿ ಯಾಕಂತ ಕೇಳಬೇಕಿತ್ತು, ಕೇಳಲಿಲ್ಲ. ತೆಗದ ಬಿಡ್ಲ್ಯಾ ವಿಡಿಯೋ?"

"ತೆಗದ್ರ ನಕ್ಕವರ ನಗಿ ಹಿಂದಕ್ಕ ಬರತೈತೇನು?"

"ಮತ್ತೇನ ಮಾಡ್ಲಿ, ನೀವ ಹೇಳ್ರಿ."

"ನಮ್ಮ ಮನಿ ರೂಢಿ ಐತಿ. ಕೌದಿ ಹೊಟ್ಟಿ ಹರದವರ ಅದಕ್ಕ ತಿರುಗಿ ಉಣಿಸಬೇಕು. ಬರ್ರಿ ಮುರಗೋಡಕ್ಕ!"

ಹೇಳಿದ ಮೇಲೆ ಅವಳಿಗೇ ಗಾಬರಿ. ಯಾರೋ ಏನೋ... ಮನೆಗೇ ಕರೆದುಬಿಟ್ಟೆನಲ್ಲ!

ಭಾನುವಾರ ಬಂದೇ ಬಿಟ್ಟ, ಕೌದಿಯನ್ನು ಕೂಸಿನಂತೆ ಎದೆಗವಚಿಕೊಂಡು. ಲಗಮವ್ವ ಒಮ್ಮೆ ನೋಡಿ ಮುಖ ತಿರುಗಿಸಿದಳು. ಮಹಾನಂದಾ ಬಾಗಿಲಲ್ಲೇ ನಿಂತಳು. ಬೈತಾಳೋ, ಅಳತಾಳೋ?

"ಉಂಡೀ ಏನಪಾ?" ಅಂದಳು ಲಗಮವ್ವ.

ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಉಂಡು ಕೈ ತೊಳೆದ ಭೀಮಶಿ ಅಂಜುತ್ತಲೇ ಕೇಳಿದ. "ಯವ್ವಾ, ರೊಟ್ಟಿ ಯಾಕ ಇಡತೀರಿ?"

"ನೀ ಈಗ ಉಂಡೆಲ್ಲಾ, ಹೊಟ್ಟಿ ಬೆಚ್ಚಗಾತಿಲ್ಲ? ಕೌದಿನೂ ಹಂಗಪಾ. ತಾನ ಹಸದಾಕಿ ಮಂದಿನ್ನ ಏನ ಬೆಚ್ಚಗ ಇಟ್ಟಾಳು? ದಿನಾ ಹೊಚ್ಚಕೊಳ್ಳೂ ಕೌದಿಗೆ ರೊಟ್ಟಿ ಚೂರು, ಮದುವಿ ಕೌದಿಗೆ ಹೋಳಿಗಿ ಚೂರು. ನಮ್ಮತ್ತಿ ಕಲಿಸಿದ್ದು."

ಈ ಸಲ ಮೊಬೈಲ್ ಹಿಡಿದವಳು ಮಹಾನಂದಾ. ಭೀಮಶಿ ಕ್ಯಾಲೆಂಡರಿನಿಂದ ಸೂಜಿ ಕಿತ್ತುಕೊಂಡ, ರೊಟ್ಟಿಯ ಚೂರು ಮೂಲೆಯಲ್ಲಿಟ್ಟ, ಹೊಲಿಯತೊಡಗಿದ. ಹೊಲಿಗೆ ಕುಡಿದವನ ನಡಿಗೆಯಂತೆ ಸೊಟ್ಟಸೊಟ್ಟ! ಎರಡು ಸಲ ಬೆರಳಿಗೂ ಚುಚ್ಚಿಕೊಂಡ.

ಲಗಮವ್ವನಿಗೆ ತಡೆಯಲಾಗಲಿಲ್ಲ. "ಹಂಗಲ್ಲೋ ಮಾರಾಯಾ! ತಾ ಇಲ್ಲಿ!" ಎಂದು ಸೂಜಿ ಕಸಿದುಕೊಂಡು ಸರಸರ ಹೊಲಿದೇಬಿಟ್ಟಳು.

ಅವ್ವನ ಕೈಯಲ್ಲಿ ಸೂಜಿ! ಮಹಾನಂದಾಳ ಕಣ್ಣು ಮಂಜಾದವು. ಆ ಮಂಜಿನಲ್ಲೇ ಭೀಮಶಿಯನ್ನು ನೋಡಿದಳು. ಅವನು ಬೆರಳು ಬಾಯಲ್ಲಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ.

ಆ ವಿಡಿಯೋ ಹಾಕಿದ್ದೇ ತಡ, 'ನಮ್ಮಾಯಿನೂ ಹಿಂಗ ಇಡತಿದ್ಲು', 'ನನಗೊಂದು ಉಂಡ ಕೌದಿ ಕಳಸ್ರಿ' ಎಂದು ಊರೂರಿನ ಹೆಂಗಸರು ಬರೆದರು. ಓಣಿಯ ಹೆಂಗಸರೆಲ್ಲ ಸೂಜಿ ಹಿಡಿದು ಲಗಮವ್ವನ ಪಡಸಾಲೆಗೆ ಬಂದು ಕೂತರು. ಹುಬ್ಬಳ್ಳಿಯವನೂ ಫೋನ್ ಮಾಡಿದ. "ಸದ್ಯಕ್ಕ ಪುರಸೊತ್ತಿಲ್ರಿ" ಎಂದು ಮಹಾನಂದಾ ಹಾಯಾಗಿ ಹೇಳಿದಳು.

ಭೀಮಶಿಗೆ ಮಾತ್ರ ಪುರಸೊತ್ತೇ ಪುರಸೊತ್ತು. ಬೆಳಕು ಸರಿಯಿಲ್ಲ, ಆವಾಜು ಬಂದಿಲ್ಲ, ಇನ್ನೊಮ್ಮೆ ತೆಗೆಯೋಣ ಎಂದು ಭಾನುವಾರ ತಪ್ಪಿಸುತ್ತಿರಲಿಲ್ಲ. ಬಂದು ಕೆಲಸದ ಮಾತಷ್ಟೇ ಆಡಿ ಹೋಗುತ್ತಿದ್ದ. ಇವನಿಗೆ ಕೌದಿಯ ಮೇಲೇ ಪ್ರೀತಿಯೋ, ಅಥವಾ...? ಮಹಾನಂದಾ ಬಸ್ಸಿನ ಸದ್ದಿಗೆ ಕಿವಿಗೊಟ್ಟು ಕೂರುವುದನ್ನು ಕಲಿತಳು.

ಒಂದು ಭಾನುವಾರ ಬಂದವನೇ ಮೂಗರಳಿಸಿದ.

"ಇವತ್ತೇನ ಹಬ್ಬಾರಿ? ಹೂರಣದ ವಾಸನಿ ಬರಾಕತ್ತೈತಿ."

ಮಹಾನಂದಾ ತಲೆಯೆತ್ತಲಿಲ್ಲ. ಮಡಿಲಲ್ಲಿ ಹೊಸ ಕೌದಿ, ಒಂದು ಮೂಲೆ ಮಾತ್ರ ಬಾಯಿ ತೆರೆದಿತ್ತು. ಭೀಮಶಿ ಮೊಬೈಲ್ ತೆಗೆದ.

"ಅದನ್ನ ಕೆಳಗ ಇಡ್ರಿ. ಇದು ಮಂದಿಗೆ ತೋರ್ಸೂದಲ್ಲ."

ಅವನು ಇಟ್ಟ. ಆಮೇಲೆ ಧೈರ್ಯ ಮಾಡಿದ. "ಮಹಾನಂದಾ... ಬಿಚ್ಚಿ ನೋಡಾಕ ಬರಲಾರದ್ದು ಒಂದ ಐತಿ. ಅದಕ್ಕ ಕೇಳೇ ತೀರಬೇಕು. ನಿಮ್ಮ ಮನಸಿನ್ಯಾಗ ನಾ ಅದೇನಿ ಏನು?"

ಅವಳ ಸೂಜಿ ನಿಂತಿತು. ಒಳಗಿನಿಂದ ಲಗಮವ್ವ ಬಂದು, ಬಿಸಿ ಹೋಳಿಗೆಯ ತಾಟನ್ನು ಇಬ್ಬರ ನಡುವೆ ಇಟ್ಟು, ಸೆರಗಿನಲ್ಲಿ ನಗು ಮುಚ್ಚಿಕೊಂಡು ಹೋದಳು.

ಭೀಮಶಿ ತಾಟು ನೋಡಿದ, ತೆರೆದ ಮೂಲೆ ನೋಡಿದ.

"ಹೋಳಿಗಿ... ಅಂದ್ರ ಮದುವಿ ಕೌದಿ. ಯಾರದರೀ?"

"ನಾ ಅವ್ವಗ ಬೆಳಿಗ್ಗೇನ ಎಲ್ಲಾ ಹೇಳೇನಿ," ಎಂದಳು ಮಹಾನಂದಾ, ಕೆನ್ನೆ ಕೆಂಪಾಗಿ. "ನೀವ ಕೇಳೂದು ತಡಾ ಮಾಡಿದ್ರಿ."

ಅವನು ಹೋಳಿಗೆಯ ಚೂರು ಮುರಿದು ಮೂಲೆಯೊಳಗಿಟ್ಟ. ಅವಳು ಅವನ ಬೆರಳು ಸರಿಸಿ ಹೊಲಿಗೆ ಹಾಕಿದಳು.

"ಹೊಟ್ಟಿ ತುಂಬಿತಾ?" ಎಂದ.

"ತುಂಬಿತು. ಇದಕ್ಕ ಮಾತ್ರ ಕತ್ತರಿ ಹಾಕಬ್ಯಾಡ್ರಿ ಮತ್ತ!"

"ಇಲ್ಲ ಬಿಡ. ಒಳಗೇನೈತಿ ಅಂತ ನನಗ ಗೊತ್ತೈತೆಲ್ಲಾ."